ಅಪ್‌ಡೇಟ್: ಹಳ್ಳಿ ಗ್ರಂಥಾಲಯಕ್ಕೆ ಸಿಎಸ್‌ಆರ್ ಅನುದಾನ

ತುಮಕೂರು ಕಡೆಯ ನಮ್ಮ ಟ್ರಸ್ಟ್‌ನ ಗ್ರಂಥಾಲಯಕ್ಕೆ ಕಂಪನಿಗಳಿಂದ ಸಿಎಸ್‌ಆರ್ (ಕಾನೂನಿನಂತೆ ಕಂಪನಿಗಳು ಸಮಾಜದ ಕೆಲಸಕ್ಕೆ ಮಾಡುವ ಖರ್ಚು) ಅನುದಾನ ಕೇಳುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಮೊದಲು ಸಿಎಸ್‌ಆರ್-1 ನೋಂದಣಿ, ಅಂದರೆ ಈ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಲ್ಲಿಸುವ ಅರ್ಜಿ. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಇದಕ್ಕೆ ಆದಾಯ ತೆರಿಗೆಯ 12ಎ (ಟ್ರಸ್ಟ್‌ಗೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಎರಡೂ ಬೇಕು; ಟ್ರಸ್ಟಿಯ ಡಿಜಿಟಲ್ ಸಹಿ, ಸಿಎ, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರ ದೃಢೀಕರಣವೂ ಬೇಕು. ಪ್ಯಾನ್, ಟ್ರಸ್ಟ್ ಡೀಡ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ, ಇಲ್ಲದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವವನ್ನೂ ನಿಯಮ ಕೇಳುತ್ತದೆ. ಹೊಸ ಟ್ರಸ್ಟ್‌ಗಳಿಗೆ ನಿಜವಾದ ತಡೆ ಇದೇ.

ಬಜೆಟ್‌ನಲ್ಲಿ ಗ್ರಂಥಪಾಲಕರ ಸಂಬಳ ಬರೆಯಲು ಹೆದರಬೇಡಿ. ಆಡಳಿತ ವೆಚ್ಚ ಒಟ್ಟು ಸಿಎಸ್‌ಆರ್ ಖರ್ಚಿನ 5% ಮೀರಬಾರದು ಎಂಬ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ, ಯೋಜನೆಯ ನೇರ ಖರ್ಚಿಗಲ್ಲ. ಸಂಬಳ ಬಿಟ್ಟು ಕಪಾಟು, ಪುಸ್ತಕ ಮಾತ್ರ ಕೇಳಿದರೆ ಬಾಗಿಲು ತೆರೆಯುವವರೇ ಇರುವುದಿಲ್ಲ.

ಕಾನೂನು ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳಿಗಿಂತ ಮೊದಲು ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬರೆಯುವುದು ಮೇಲು. ಒಂದು ವರ್ಷದ ಯೋಜನೆಯಾದರೆ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು. ಜನವರಿಯಲ್ಲಿ ಮಂಜೂರಾದರೆ ಕೆಲಸಕ್ಕೆ ಉಳಿಯುವುದು ಬರೀ ಎರಡು-ಮೂರು ತಿಂಗಳು; ಪ್ರಸ್ತಾವನೆ ಏಪ್ರಿಲ್-ಮೇನಲ್ಲೇ ಹೋಗಲಿ.