ಪರಿಚಯವಿಲ್ಲದ ಊರಿನಲ್ಲಿ ಮಕ್ಕಳ ಪುಸ್ತಕ ಬರಹಗಾರರ ಸಮ್ಮೇಳನ: ಮೊದಲ ಸಲ ಹೋಗುವಾಗ ಏನು ಸಿದ್ಧಮಾಡಿಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಚಿಕ್ಕ ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದೇನೆ, ಆದರೆ ಬರೆಯುವವರ ನಡುವೆ ಕುಳಿತು ಮಾತನಾಡಿದ ಅನುಭವ ನನಗಿಲ್ಲ. ಮುಂದಿನ ತಿಂಗಳು ನಡೆಯುವ 2 ದಿನಗಳ ಸಮ್ಮೇಳನವೊಂದಕ್ಕೆ ಈಗ ಹೆಸರು ನೋಂದಾಯಿಸಿದ್ದೇನೆ. ಆ ನಗರವನ್ನು ನಾನು ಹಿಂದೆಂದೂ ನೋಡಿಲ್ಲ, ಗುರುತಿನವರು ಒಬ್ಬರೂ ಅಲ್ಲಿಲ್ಲ. ಒಂದು ಚಿತ್ರಪುಸ್ತಕದ ಹಸ್ತಪ್ರತಿ ನನ್ನ ಕೈಯಲ್ಲಿದ್ದು, ಅದರ ಬಗ್ಗೆ ಸಂಪಾದಕರೊಬ್ಬರೊಡನೆ 15 ನಿಮಿಷ ಮಾತನಾಡುವ ಅವಕಾಶವನ್ನು ಕಾಯ್ದಿರಿಸಿಕೊಂಡಿದ್ದೇನೆ. ಆ ಕಾಲು ಗಂಟೆಯನ್ನು ನೆನೆದರೇ ಎದೆ ಹೊಡೆದುಕೊಳ್ಳುತ್ತದೆ. ಚಿತ್ರಗಳನ್ನು ಯಾರಿಂದಲಾದರೂ ಬರೆಸಿಕೊಂಡೇ ಹೋಗಬೇಕೆ? ಒಂದೇ ಹೊತ್ತಿಗೆ ಮೂರು ಗೋಷ್ಠಿಗಳಿದ್ದರೆ ಯಾವುದನ್ನು ಆರಿಸಿಕೊಳ್ಳಬೇಕು? ಅಪರಿಚಿತರೆದುರು ಕಥೆಯನ್ನು ಓದಿದರೆ ಯಾರಾದರೂ ಅದನ್ನು ತಮ್ಮದಾಗಿಸಿಕೊಂಡಾರು ಎಂಬ ಅಂಜಿಕೆಯೂ ಇದೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ಊರಿನ ಮಾತು. ಸಾಧ್ಯವಾದರೆ ಹಿಂದಿನ ದಿನ ಬೆಳಕಿರುವಾಗಲೇ ತಲುಪಿ, ತಂಗುವ ಸ್ಥಳದಿಂದ ಸಭಾಂಗಣದವರೆಗೆ ಒಮ್ಮೆ ನಡೆದು ನೋಡಿ. ವಸತಿ ಸ್ವಲ್ಪ ದುಬಾರಿಯಾದರೂ ಸಭಾಂಗಣಕ್ಕೆ ಹತ್ತಿರವಿರುವುದೇ ಮೇಲು, ಏಕೆಂದರೆ ದಿನವಿಡೀ ಹೊಸ ಮುಖಗಳನ್ನು ಕಂಡು, ಹೊಸ ಮಾತುಗಳನ್ನು ಕೇಳಿ ದಣಿದ ಮನಸ್ಸಿಗೆ ನಡುವೆ ಅರ್ಧ ಗಂಟೆ ಕೋಣೆಗೆ ಹೋಗಿ ಸುಮ್ಮನೆ ಮಲಗಿ ಬರುವ ಅನುಕೂಲ ಬಹಳ ದೊಡ್ಡದು. ನನ್ನ ಮೊದಲ ಸಮ್ಮೇಳನದಲ್ಲಿ ನಾನು ದೂರದಲ್ಲಿ ತಂಗಿದ್ದೆ. ಬೆಳಗಿನ ಗೋಷ್ಠಿಯ ಅರ್ಧವನ್ನು ದಾರಿಯಲ್ಲೇ ಕಳೆದುಕೊಂಡೆ, ಸಂಜೆ ಎಲ್ಲರೂ ಕಲೆತು ಮಾತನಾಡುವ ಹೊತ್ತಿಗೆ ಹೊರಟುಬಿಡಬೇಕಾಯಿತು.

ಗೋಷ್ಠಿಗಳನ್ನು ಆರಿಸುವಾಗ ಭಾಷಣಕಾರರ ಖ್ಯಾತಿಗೆ ಮಾರುಹೋಗಬೇಡಿ. ಈಗ ನಿಮ್ಮ ಮೇಜಿನ ಮೇಲೆ ಬಿಡಿಸಲಾಗದೆ ಉಳಿದಿರುವ ತೊಡಕು ಯಾವುದೋ ಅದಕ್ಕೆ ಸಂಬಂಧಿಸಿದ ಗೋಷ್ಠಿಗೆ ಹೋಗಿ.

ಉತ್ತರ 2

ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಆದ್ದರಿಂದ ಆ ಕಾಲು ಗಂಟೆಯ ಬಗ್ಗೆ ತುಸು ವಿವರವಾಗಿ ಬರೆಯುತ್ತೇನೆ.

ಚಿತ್ರಗಳನ್ನು ಬರೆಸಿಕೊಂಡು ಹೋಗುವ ಅಗತ್ಯವಿಲ್ಲ. ನೀವೇ ಚಿತ್ರಕಾರರಲ್ಲದಿದ್ದರೆ, ಪಠ್ಯವನ್ನು ಒಪ್ಪಿದ ಮೇಲೆ ಅದಕ್ಕೆ ತಕ್ಕ ಚಿತ್ರಕಾರರನ್ನು ಹುಡುಕುವುದು ಸಾಮಾನ್ಯವಾಗಿ ಪ್ರಕಾಶಕರ ಕೆಲಸ. ನೀವು ಹಣ ತೆತ್ತು ಬರೆಸಿದ ಚಿತ್ರಗಳು ಅವರಿಗೆ ಹಿಡಿಸದೆ ಹೋದರೆ ಕಥೆಯೂ ಅವುಗಳೊಡನೆ ಪಕ್ಕಕ್ಕೆ ಸರಿಯುವ ಅಪಾಯವಿದೆ.

ಅದರ ಬದಲು ಒಂದು ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಮಾಡಿಕೊಳ್ಳಿ. ಚಿತ್ರಪುಸ್ತಕಗಳಲ್ಲಿ ಹೆಚ್ಚಿನವು 32 ಪುಟಗಳವು. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಿಸಿದಾಗ ಪುಟಗಳು 8 ಅಥವಾ 16ರ ಗುಂಪುಗಳಾಗಿ ಬರುವುದೇ ಈ ಲೆಕ್ಕಕ್ಕೆ ಕಾರಣ. 8 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಿಸಿ ಹೊಲಿದರೆ ನಿಮಗೂ 32 ಪುಟಗಳು ಸಿಗುತ್ತವೆ. ಶೀರ್ಷಿಕೆ, ಪ್ರಕಾಶನದ ವಿವರ, ಅರ್ಪಣೆ ಇವುಗಳಿಗೆ ಕೆಲವು ಪುಟ ಬಿಟ್ಟು, ಉಳಿದವುಗಳಲ್ಲಿ ನಿಮ್ಮ ಪಠ್ಯವನ್ನು ತುಂಡುಮಾಡಿ ಅಂಟಿಸಿ, ಪುಟ ತಿರುವುತ್ತಾ ಗಟ್ಟಿಯಾಗಿ ಓದಿ. ಎಲ್ಲಿ ಮೂರು ಪುಟಗಳವರೆಗೆ ಬರೆಯಲು ಹೊಸ ಚಿತ್ರವೇ ಇಲ್ಲವೋ, ಎಲ್ಲಿ ಪುಟ ತಿರುಗಿಸುವ ಮೊದಲೇ ಗುಟ್ಟು ಬಯಲಾಗುತ್ತದೆಯೋ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ‘ಅವಳು ಕೆಂಪು ಅಂಗಿ ತೊಟ್ಟು ಹಸಿರು ಬಾಗಿಲ ಬಳಿ ನಿಂತಿದ್ದಳು’ ಎಂಬಂತಹ ವಾಕ್ಯಗಳನ್ನು ಚಿತ್ರವೇ ಹೇಳಬಲ್ಲದು. ಅವನ್ನು ತೆಗೆದರೆ ಕಥೆ ಹಗುರವಾಗುತ್ತದೆ. ಈ ಒಂದು ಸಂಜೆಯ ಕೆಲಸ ಮಾಡಿಕೊಂಡು ಬಂದವರ ಹಸ್ತಪ್ರತಿಯನ್ನು ಓದುವುದು ನನಗೆ ನಿಜವಾದ ಸಂತೋಷ ಕೊಡುತ್ತಿತ್ತು.

ಭೇಟಿಯ ಸಮಯದಲ್ಲಿ ಕಥೆಯನ್ನು ಸಮರ್ಥಿಸಿಕೊಳ್ಳಲು ಹೊರಡಬೇಡಿ. ‘ಇಲ್ಲಿ ನಾನು ಹೇಳಬೇಕೆಂದಿದ್ದು ಬೇರೆ’ ಎಂದು ವಿವರಿಸತೊಡಗಿದರೆ ಅದರಲ್ಲೇ ಐದು ನಿಮಿಷ ಕಳೆದುಹೋಗುತ್ತದೆ, ಮುಂದೆ ಪುಸ್ತಕ ಹಿಡಿಯುವ ಮಗುವಿನ ಪಕ್ಕದಲ್ಲಿ ವಿವರಿಸಲು ನೀವು ಇರುವುದೂ ಇಲ್ಲ. ಎರಡೇ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ನಿಮ್ಮ ಗಮನ ಎಲ್ಲಿ ಸಡಿಲವಾಯಿತು? ಈ ಕಥೆ ಯಾವ ಪಾತ್ರದ್ದೆಂದು ನಿಮಗನಿಸಿತು? ಉತ್ತರಗಳನ್ನು ಅವರ ಮಾತಿನಲ್ಲೇ ಗುರುತುಮಾಡಿಕೊಳ್ಳಿ. ಹೊರಬಂದ ತಕ್ಷಣ ನೆನಪಿನಲ್ಲಿ ಉಳಿಯುವುದು ನೋವಾದ ಮಾತು ಮಾತ್ರ, ಮೆಚ್ಚುಗೆ ಮರೆತೇಹೋಗುತ್ತದೆ.

ಉತ್ತರ 3

ಕಳವಿನ ಅಂಜಿಕೆಯ ಬಗ್ಗೆ ಒಂದು ಮಾತು. ಕೃತಿಸ್ವಾಮ್ಯ ರಕ್ಷಿಸುವುದು ನೀವು ಬರೆದ ರೂಪವನ್ನು, ಬರಿಯ ಕಲ್ಪನೆಯನ್ನಲ್ಲ. ಕೃತಿಸ್ವಾಮ್ಯದ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಆ ಹಕ್ಕು ನೋಂದಣಿಯಿಲ್ಲದೆಯೇ ಲೇಖಕರಿಗೆ ಸಲ್ಲುತ್ತದೆ. ಕತ್ತಲೆಗೆ ಹೆದರುವ ಮರಿಯಾನೆಯ ಕಥೆಯನ್ನು ಹತ್ತು ಜನ ಬರೆಯಬಹುದು, ಹತ್ತೂ ಬೇರೆಬೇರೆಯಾಗಿರುತ್ತವೆ. ಓದಿ ತೋರಿಸಿ, ಅಡಗಿಸಿಡಬೇಡಿ.

ಇನ್ನು, ಸಂಪಾದಕರ ಭೇಟಿಯೇ ಸಮ್ಮೇಳನದ ತಿರುಳು ಎಂಬಂತೆ ಮೇಲಿನವರು ಬರೆದಿರುವುದನ್ನು ನಾನು ಪೂರ್ತಿ ಒಪ್ಪಲಾರೆ. ಎಂಟು ವರ್ಷಗಳ ಹಿಂದೆ ಇಂತಹದೇ ಅಪರಿಚಿತ ನಗರದಲ್ಲಿ, ನೋಂದಣಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರನ್ನು ‘ಯಾವ ವಯಸ್ಸಿನ ಮಕ್ಕಳಿಗೆ ಬರೆಯುತ್ತೀರಿ?’ ಎಂದು ಕೇಳಿದೆ. ಆ ಒಂದು ಪ್ರಶ್ನೆಯಿಂದ ನಾಲ್ವರ ಗುಂಪು ಬೆಳೆಯಿತು, ಇಂದಿಗೂ ನಾವು ತಿಂಗಳಿಗೊಮ್ಮೆ ಪರಸ್ಪರರ ಕರಡುಗಳನ್ನು ಓದುತ್ತೇವೆ. ಅಂದು ಸಂಪಾದಕರು ಏನು ಹೇಳಿದರೆಂಬುದು ನನಗೀಗ ನೆನಪಿಲ್ಲ. ನೀವು ಸಂಕೋಚದ ಸ್ವಭಾವದವರಾದರೆ ಸ್ವಯಂಸೇವಕರಾಗಿ ಒಂದು ಹೊತ್ತು ಕೆಲಸ ಮಾಡಬಹುದೇ ಎಂದು ಆಯೋಜಕರನ್ನು ಮೊದಲೇ ಕೇಳಿ. ಕೈಯಲ್ಲಿ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ 8 ಹಾಳೆ ಮಡಿಸಿ ಡಮ್ಮಿ ಮಾಡಿದೆ. ನಾನು ತುಂಬ ಪ್ರೀತಿಯಿಂದ ಬರೆದಿದ್ದ ಮಳೆಯ ವರ್ಣನೆ ಆರು ಪುಟಗಳನ್ನು ನುಂಗಿ ಕುಳಿತಿರುವುದು ಆಗಲೇ ತಿಳಿಯಿತು. ಅದನ್ನು ಎರಡು ವಾಕ್ಯಕ್ಕೆ ಇಳಿಸಿದ್ದೇನೆ. ಆದರೆ ಹಳೆಯ ರೂಪವನ್ನು ಸಂಪಾದಕರಿಗೆ ಕಳೆದ ವಾರವೇ ಕಳುಹಿಸಿಬಿಟ್ಟಿದ್ದೇನೆ. ಹೊಸದನ್ನು ಮತ್ತೆ ಕಳುಹಿಸಬಹುದೆ?

ಉತ್ತರ 2 ಬರೆದವರು

ಕಳುಹಿಸಬೇಡಿ. ಅವರು ಈಗಾಗಲೇ ಓದಿ ಟಿಪ್ಪಣಿ ಮಾಡಿಕೊಂಡಿರಬಹುದು. ಹೊಸ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ. ಮಳೆಯ ಭಾಗ ಉದ್ದವಾಯಿತೆಂದು ಅವರೇ ಹೇಳಿದರೆ ಆಗ ತೆಗೆದು ತೋರಿಸಿ. ಅವರು ಆ ಮಾತೆತ್ತದಿದ್ದರೆ, ಅಲ್ಲಿ ಓದು ನಿಧಾನವಾಯಿತೇ ಎಂದು ಕೊನೆಯಲ್ಲಿ ನೀವೇ ಕೇಳಿ.