ಹಳೇ ಧಾರಾವಾಹಿ ಡಿವಿಡಿ ಮಾಡಬೇಕು, ಒಳಗಿನ ಹಾಡಿಗೆ ಏನು ಮಾಡೋದು?

ಪ್ರಶ್ನೆ (ತುಮಕೂರು): ನಮಸ್ಕಾರ ಮೇಡಂ. ತೊಂಬತ್ತರ ದಶಕದಲ್ಲಿ ನಮ್ಮ ನಾಟಕ ತಂಡ ಇಲ್ಲಿನ ಕೇಬಲ್ ಚಾನೆಲ್‌ಗೆ ಒಂದು ಧಾರಾವಾಹಿ ಮಾಡಿತ್ತು. ಈಗ ಡಿವಿಡಿ, ಪೆನ್‌ಡ್ರೈವ್ ಮಾಡಿ ಮಾರುವ ಆಸೆ. ಕತೆ ಪೂರ್ತಿ ಬಿ.ಎಚ್. ರಸ್ತೆಯ ಒಂದು ಹೋಟೆಲಿನದು. ರೇಡಿಯೋದಲ್ಲಿ ಸಿನಿಮಾ ಹಾಡು ಬರುತ್ತಲೇ ಇರುತ್ತದೆ. ಆಗ ಆಡಿಯೋ ಕಂಪನಿಯಿಂದ ಅನುಮತಿ ಪತ್ರ ತೆಗೆದುಕೊಂಡಿದ್ದೆವು. ಅದು ಸಾಕಾಗುತ್ತದಾ?

ವಕೀಲರ ಉತ್ತರ: ಪತ್ರದಲ್ಲಿ ಏನಿದೆ ಅನ್ನೋದೇ ಮುಖ್ಯ ಸರ್. ‘ಪ್ರಸಾರಕ್ಕೆ’ ಅಂತಷ್ಟೇ ಇದ್ದರೆ ಡಿವಿಡಿಗೆ ನಡೆಯುವುದಿಲ್ಲ. ಜನ ಧಾರಾವಾಹಿಯನ್ನು ದುಡ್ಡು ಕೊಟ್ಟು ಮನೆಗೆ ಒಯ್ಯುತ್ತಾರೆ ಅಂತ ಆಗ ಯಾರು ಅಂದುಕೊಂಡಿದ್ದರು? ಅಮೆರಿಕದವರೂ ಇದರಲ್ಲೇ ಸಿಕ್ಕಿಬಿದ್ದರು. ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ 1978ರಿಂದ 1982ರವರೆಗೆ ಬಂದ ಶೋ, ಕತೆ ನಡೆಯುವುದೇ ರೇಡಿಯೋ ಸ್ಟೇಷನ್‌ನಲ್ಲಿ. 2007ರಲ್ಲಿ ಮೊದಲ ಸೀಸನ್ ಡಿವಿಡಿಗೆ ಬಂದಾಗ ಎಷ್ಟೋ ಹಾಡು ತೆಗೆದು ಬೇರೆ ಸಂಗೀತ ತುಂಬಿದ್ದರು. ನೋಡಿದವರು ಚೆನ್ನಾಗಿ ಬೈದರು. 2014ರಲ್ಲಿ ಇನ್ನೊಂದು ಕಂಪನಿ ಬಹುಪಾಲು ಹಾಡಿಗೆ ಅನುಮತಿ ಪಡೆದು ಪೂರ್ತಿ ಸರಣಿ ತಂದಿತು. ‘ದ ವಂಡರ್ ಇಯರ್ಸ್’ ಅನ್ನುವ ಇನ್ನೊಂದು ಅಮೆರಿಕದ ಶೋ ಮುಗಿದದ್ದು 1993ರಲ್ಲಿ. ಹಾಡಿನ ಅನುಮತಿಯದೇ ತೊಡಕಾಗಿ ಅದರ ಪೂರ್ತಿ ಸರಣಿಯೂ ಡಿವಿಡಿಗೆ ಬಂದದ್ದು 2014ರಲ್ಲೇ.

ಹಾಡಿಗೆ ಹಕ್ಕು ಎರಡು. ಸಾಹಿತ್ಯ, ರಾಗದ್ದು ಒಂದು. ಕ್ಯಾಸೆಟ್‌ನಲ್ಲಿ ಕೇಳುವ ಆ ಧ್ವನಿಮುದ್ರಣದ್ದು ಇನ್ನೊಂದು. ಎರಡೂ ಒಬ್ಬರ ಹತ್ತಿರವೇ ಇರಬೇಕು ಅಂತೇನಿಲ್ಲ. ಜೊತೆಗೆ ನಮ್ಮ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ, ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ತೋರಿಸುವುದು ಬಿಟ್ಟು ಬೇರೆ ಬಳಕೆಗೆ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿ ಪಾಲು ಕೊಟ್ಟಿದ್ದಾರೆ. ಕಂಪನಿ ರೇಟು ಹೇಳಿದಾಗ ‘ಇದರಲ್ಲಿ ಅವರ ಪಾಲು ಸೇರಿದೆಯಾ?’ ಅಂತ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಪ್ರಶ್ನೆ (ಶಿರಾ): 30 ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ ಅಲ್ವಾ ಮೇಡಂ?

ಉತ್ತರ: ಸುಮ್ನೆ ಹಬ್ಬಿರುವ ಮಾತು. ನಮ್ಮ ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ‘ಹಳೇ ಹಾಡು ತಾನೇ’ ಅನ್ನುವುದೂ ಅಷ್ಟೇ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯ, ರಾಗದ್ದು ಬರೆದವರು, ರಾಗ ಹಾಕಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ.

ಪ್ರಶ್ನೆ (ತುಮಕೂರು): ಹಾಗಾದರೆ ಹಾಡೇ ತೆಗೆದುಬಿಡುತ್ತೇವೆ.

ಉತ್ತರ: ಟೇಪಿನಲ್ಲಿ ಮಾತು, ಹಾಡು ಬೇರೆ ಬೇರೆ ಟ್ರ್ಯಾಕ್‌ನಲ್ಲಿವೆಯಾ?

ತುಮಕೂರು: ಇಲ್ಲ ಮೇಡಂ, ಎಲ್ಲ ಒಂದರಲ್ಲೇ ಕಲಸಿಹೋಗಿದೆ. ಸಪ್ಲೈಯರ್ ‘ಎರಡು ಬೈಟು ಕಾಫಿ’ ಅಂತ ಕೂಗುವುದೇ ಪಲ್ಲವಿಯ ಮೇಲೆ. ಕ್ಯಾಷಿಯರ್ ಅಂತೂ ಚಿಲ್ಲರೆ ಎಣಿಸುತ್ತಾ ಜೊತೆಗೆ ಹಾಡುತ್ತಾನೆ.

ಉತ್ತರ: ಸಪ್ಲೈಯರ್ ಮಾತನ್ನು ಮತ್ತೆ ಡಬ್ ಮಾಡಿಸಬಹುದು. ಕಂಪ್ಯೂಟರಿನಲ್ಲಿ ಮಾತು ಬೇರ್ಪಡಿಸುವ ಸಾಫ್ಟ್‌ವೇರ್ ಕೂಡ ಇದೆ, ಸ್ಟುಡಿಯೋದವರಿಗೆ ಒಂದು ಕಂತು ಕೊಟ್ಟು ನೋಡಿ. ಕ್ಯಾಷಿಯರ್ ದೃಶ್ಯವೇ ತಲೆನೋವು. ರೇಡಿಯೋ ತೆಗೆದರೂ ಅವನು ಹಾಡುವ ಸಾಹಿತ್ಯ, ರಾಗಕ್ಕೆ ಅನುಮತಿ ಬೇಕೇ ಬೇಕು. ನನ್ನನ್ನು ಕೇಳಿದರೆ ದುಡ್ಡು ಅಲ್ಲಿ ಹಾಕಿ, ಉಳಿದ ಕಡೆ ನಿಮ್ಮ ತಂಡದವರೇ ಹೊಸ ಟ್ಯೂನ್ ಮಾಡಲಿ. ಮೊದಲು ಪಟ್ಟಿ ಮಾಡಿ: ಯಾವ ಕಂತು, ಎಷ್ಟನೇ ನಿಮಿಷ, ಯಾವ ಹಾಡು, ಎಷ್ಟು ಹೊತ್ತು, ಹಿನ್ನೆಲೆಯಲ್ಲೋ ಬಾಯಲ್ಲೋ. ಎಷ್ಟು ಪ್ರತಿ, ಯೂಟ್ಯೂಬ್‌ಗೂ ಹಾಕುತ್ತೀರಾ ಅನ್ನುವುದೂ ಬರೆಯಿರಿ. ಆ ಹಳೇ ಪತ್ರದ ಫೋಟೋ ಕಳಿಸಿ, ಹೆಸರು ಮುಚ್ಚಿ.