ಹಾಟ್ ಅಂಡ್ ಕೋಲ್ಡ್ ಎಸಿ: ಬಿಸಿಗಾಳಿ ಬಂದು ಬಂದು ನಿಲ್ಲೋದ್ಯಾಕೆ?

ಪ್ರಶ್ನೆ (ಹೋಂಸ್ಟೇ, ಮಡಿಕೇರಿ ಗಾಳಿಬೀಡು ರಸ್ತೆ): ರೂಮು 12 ಅಡಿಗೆ 14 ಅಡಿ. ಒಂದೂವರೆ ಟನ್ ಇನ್ವರ್ಟರ್ ಹಾಟ್ ಅಂಡ್ ಕೋಲ್ಡ್, ಆರ್-32 ಗ್ಯಾಸು. ರಾತ್ರಿ ಹೀಟ್ ಮೋಡಲ್ಲಿ 30ಕ್ಕೆ ಇಟ್ಟು, ಗೆಸ್ಟುಗಳಿಗೆ ಸದ್ದಾಗಬಾರದು ಅಂತ ಫ್ಯಾನ್ ಲೋ ಮಾಡ್ತೀವಿ. ಇಪ್ಪತ್ತು ನಿಮಿಷ ಸುಡುವಂಥ ಗಾಳಿ. ಆಮೇಲೆ ಹೊರಗಿನ ಫ್ಯಾನ್ ನಿಂತು ನಿಂತು ತಿರುಗುತ್ತೆ, ಒಳಗೆ ಬರೀ ಉಗುರುಬೆಚ್ಚಗೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಿಸಿ. ನೋಡಲು ಬಂದವರು ಗ್ಯಾಸ್ ಕಮ್ಮಿ ಇದೆ ಅಂದ್ರು. ಹಾಕಿಸ್ಲಾ ಅಣ್ಣ?

ಉತ್ತರ: ಹಾಕಿಸಬೇಡಿ. ಗ್ಯಾಸ್ ಕಮ್ಮಿ ಇದ್ದರೆ ಗಾಳಿ ಮೊದಲಿಂದಲೂ ಸಪ್ಪೆ ಇರುತ್ತೆ, ಇಪ್ಪತ್ತು ನಿಮಿಷ ಸುಡೋದಿಲ್ಲ. ನಿಮ್ಮದು ತದ್ವಿರುದ್ಧ: ಒಳಗಿನ ಕಾಯಿಲ್ (ಗ್ಯಾಸ್ ಹರಿಯೋ ಪೈಪಿನ ಸುರುಳಿ) ಅತಿಯಾಗಿ ಕಾಯ್ತಾ ಇದೆ.

ಹೀಟ್ ಮೋಡಲ್ಲಿ ಒಳಗಿನ ಕಾಯಿಲೇ ಕಂಡೆನ್ಸರ್, ಅಂದರೆ ಗ್ಯಾಸಿನ ಬಿಸಿ ಹೊರಬಿಡೋ ಭಾಗ. ಅದರ ಬಿಸಿ ಹೊತ್ತು ರೂಮಿಗೆ ಬಿಡೋದು ಒಳಗಿನ ಫ್ಯಾನ್, ಅಂದರೆ ಬ್ಲೋವರ್ ಒಂದೇ. ಅದನ್ನು ಲೋನಲ್ಲಿ ಕಟ್ಟಿಹಾಕಿ, 30 ಕೊಟ್ಟು ಕಂಪ್ರೆಸರನ್ನು ಪೂರ್ತಿ ಓಡಿಸಿದರೆ ಬಿಸಿಗೆ ಹೋಗಲು ದಾರಿ ಇಲ್ಲ. ಕಾಯಿಲ್ 50 ಡಿಗ್ರಿಗೆ ಬಂದಾಗ ಆರ್-32ರ ಒತ್ತಡ ಸುಮಾರು 440 ಪಿಎಸ್‌ಐ, 60ಕ್ಕೆ 550. ಒಳಗಿನ ಪೈಪ್ ಸೆನ್ಸರ್ ಕಾಯಿಲಿನ ಬಿಸಿ ಗಮನಿಸ್ತಾ ಇರುತ್ತೆ. 55ರ ಆಸುಪಾಸಿಗೆ ಬೋರ್ಡು ಕಂಪ್ರೆಸರ್ ವೇಗ ಇಳಿಸುತ್ತೆ, ಇಲ್ಲಾ ಹೊರಗಿನ ಫ್ಯಾನ್ ನಿಲ್ಲಿಸುತ್ತೆ. 60 ದಾಟಿದರೆ ಕಂಪ್ರೆಸರೇ ಬಂದ್. ಕಂಪನಿಯಿಂದ ಕಂಪನಿಗೆ ಎರಡು ಮೂರು ಡಿಗ್ರಿ ಆಚೀಚೆ. ಹೊರಗಿನ ಫ್ಯಾನ್ ನಿಂತರೆ ಹೊರಗಾಳಿಯಿಂದ ಎಳೆಯೋ ಬಿಸಿ ಕಮ್ಮಿಯಾಗಿ ಒಳಗಿನ ಒತ್ತಡ ಇಳಿಯುತ್ತೆ. ನೀವು ನೋಡ್ತಿರೋ ನಿಲ್ಲೋದು ತಿರುಗೋದು ಅಷ್ಟೇ. ಇದರ ಮೇಲೆ ಗ್ಯಾಸ್ ತುಂಬಿಸಿದರೆ ಒತ್ತಡ ಇನ್ನೂ ಏರಿ ಬೇಗ ಬೇಗ ನಿಲ್ಲುತ್ತೆ.

ಮಡಿಕೇರಿಯ ಎತ್ತರವೂ ಸ್ವಲ್ಪ ಸೇರುತ್ತೆ. 1100 ಮೀಟರಿಗೂ ಮೇಲೆ ಗಾಳಿ ಸಮುದ್ರಮಟ್ಟಕ್ಕಿಂತ ನೂರಕ್ಕೆ ಹತ್ತು ಹನ್ನೆರಡರಷ್ಟು ತೆಳು. ಬ್ಲೋವರ್ ಅಷ್ಟೇ ಸುತ್ತು ತಿರುಗಿದರೂ ಹೊರುವ ಬಿಸಿ ಕಮ್ಮಿ. ಮಂಗಳೂರಲ್ಲಿ ಲೋನಲ್ಲಿ ನಡೆದದ್ದು ಇಲ್ಲಿ ಅಂಚಿಗೆ ಬಂದು ನಿಲ್ಲುತ್ತೆ.

ಇವತ್ತೇ ಫಿಲ್ಟರ್ ತೆಗೆದು ತೊಳೀರಿ. ಬ್ಲೋವರ್ ರೆಕ್ಕೆಗೂ ಟಾರ್ಚ್ ಬಿಟ್ಟು ನೋಡಿ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ರೂಮಲ್ಲಿ ಆ ರೆಕ್ಕೆಗಳ ಕುಳಿ ಬೂಷ್ಟು, ಧೂಳಿನಿಂದ ತುಂಬಿ ಹೋಗಿರುತ್ತೆ, ಆಗ ಹೈ ಅಂತ ಒತ್ತಿದರೂ ಬರೋದು ಲೋ ಗಾಳಿನೇ. ಆಮೇಲೆ ಫ್ಯಾನ್ ಆಟೋ, ಸೆಟ್ಟಿಂಗ್ 24, ಲೂವರ್ (ಗಾಳಿಯ ದಿಕ್ಕು ತಿರುಗಿಸೋ ಪಟ್ಟಿ) ಪೂರ್ತಿ ಕೆಳಮುಖ. ಬಿಸಿಗಾಳಿ ಮೇಲಕ್ಕೇ ಹೋಗೋದು, ರೂಮ್ ಸೆನ್ಸರೂ ಅಲ್ಲೇ ಮೇಲೆ ಕೂತಿರೋದು. ಲೂವರ್ ನೇರ ಇದ್ದರೆ ಮಂಚದ ಹತ್ತಿರ ಚಳಿ ಇರುವಾಗಲೇ ಎಸಿ ಸಾಕು ಅಂದುಬಿಡುತ್ತೆ.

ಕಾಲು ಗಂಟೆ ಓಡಿದ ಮೇಲೆ ಥರ್ಮಾಮೀಟರಿನಲ್ಲಿ ಗಾಳಿ ಒಳಗೆಳೆಯೋ ಮೇಲಿನ ಜಾಲಿ ಮತ್ತು ಗಾಳಿ ಬರೋ ಬಾಯಿ ಎರಡೂ ಅಳೆಯಿರಿ. ಬಾಯಲ್ಲಿ 38ರಿಂದ 45, ವ್ಯತ್ಯಾಸ 15ರಿಂದ 20 ಇದ್ದರೆ ಸರಿ. 50 ದಾಟಿದರೆ ಗಾಳಿ ಸಾಲದು. ಫ್ಯಾನ್ ಹೈ ಇದ್ದು 30 ದಾಟದಿದ್ದರೆ ಆಗ ಗ್ಯಾಸ್ ವಿಷಯ ಮಾತಾಡೋಣ.

ಅದೇ ಹೋಂಸ್ಟೇ: ಆಟೋ ಇಟ್ಟೆ, ನಿಲ್ಲೋದು ನಿಂತಿದೆ. ಆದ್ರೆ ಆನ್ ಮಾಡಿ ಮೂರು ನಿಮಿಷ ಗಾಳಿನೇ ಇಲ್ಲ. ಗೆಸ್ಟು ಕೆಟ್ಟಿದೆ ಅಂತ ಕರೀತಾರೆ.

ಉತ್ತರ: ಅದು ಬೇಕಂತಲೇ ಇಟ್ಟದ್ದು. ಕಾಯಿಲ್ ಕಾಯೋ ತನಕ ಬ್ಲೋವರ್ ಬಿಟ್ಟರೆ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತೆ. ರಿಮೋಟ್ ಪಕ್ಕ ಒಂದು ಚೀಟಿ ಅಂಟಿಸಿ. ಐದಾರು ನಿಮಿಷ ಆದರೂ ಬರದಿದ್ದರೆ ಪೈಪ್ ಸೆನ್ಸರ್ ಅದರ ಗೂಡಿಂದ ಜಾರಿರಬಹುದು.

ಪ್ರಶ್ನೆ (ಸರ್ವಿಸ್ ಕೆಲಸ, ವಿರಾಜಪೇಟೆ): ಫಿಕ್ಸೆಡ್ ಸ್ಪೀಡ್ (ಕಂಪ್ರೆಸರ್ ಒಂದೇ ವೇಗದಲ್ಲಿ ಓಡೋ) ಎಸಿ ಗಾಡಿ ಸರ್. ಹೀಟ್ ಮೋಡಲ್ಲಿ, ಹೊರಗೆ 14 ಡಿಗ್ರಿ ಇದ್ದಾಗಲೂ ಔಟ್‌ಡೋರ್ ಕಾಯಿಲಿಗೆ ಹಿಮ ಕಟ್ಟುತ್ತೆ, ಮತ್ತೆ ಮತ್ತೆ ಡಿಫ್ರಾಸ್ಟ್ (ತಾನೇ ಹಿಮ ಕರಗಿಸೋದು). ಗಿರಾಕಿ ಒಳಗಿನ ಪಿಜಿ ಮೋಟರಿಗೆ (ಬ್ಲೋವರ್ ತಿರುಗಿಸೋದು) ಸೀಲಿಂಗ್ ಫ್ಯಾನ್ ರೆಗ್ಯುಲೇಟರ್ ಹಾಕಿ ಅಂತಾನೂ ಹೇಳ್ತಾರೆ.

ಉತ್ತರ: ರೆಗ್ಯುಲೇಟರ್ ಮಾತು ಬಿಟ್ಟುಬಿಡಿ. ಪಿಜಿ ಮೋಟರಿನ ಸುತ್ತನ್ನು ಹಾಲ್ ಸೆನ್ಸರ್ ಎಣಿಸಿ ಬೋರ್ಡಿಗೆ ಹೇಳುತ್ತೆ. ಸುತ್ತು ಕಮ್ಮಿ ಬಂತು ಅಂತ ಬೋರ್ಡು ಇನ್ನಷ್ಟು ಕೊಡುತ್ತೆ, ರೆಗ್ಯುಲೇಟರ್ ತಡೆಯುತ್ತೆ, ಇಬ್ಬರ ಜಗಳದಲ್ಲಿ ಕೊನೆಗೆ ಫ್ಯಾನ್ ಎರರ್.

ಹಿಮದ ವಿಷಯ. ಹೀಟಲ್ಲಿ ಸರಿಯಾಗಿ ಓಡೋ ಗಾಡಿಯ ಹೊರಗಿನ ಕಾಯಿಲ್ ಹೊರಗಾಳಿಗಿಂತ ಎಂಟು ಹತ್ತು ಡಿಗ್ರಿ ತಣ್ಣಗಿರುತ್ತೆ. 14ರಲ್ಲಿ ಅಂದರೆ ನಾಲ್ಕರಿಂದ ಆರು, ಮಂಜಿನ ದಿನ ನೀರು ಸುರಿಯಬೇಕೇ ಹೊರತು ಹಿಮ ಅಲ್ಲ. ಸೊನ್ನೆಗಿಂತ ಕೆಳಗೆ ಇಳಿದಿದೆ ಅಂದರೆ ಕಾಯಿಲ್ ಮೇಲೆ ಗಾಳಿ ಸಾಲದು, ಇಲ್ಲಾ ಗ್ಯಾಸ್ ಸಾಲದು. ಮೊದಲು ಫ್ಯಾನ್ ಕೆಪಾಸಿಟರ್ ಬಿಚ್ಚಿ, ಡಿಸ್ಚಾರ್ಜ್ ಮಾಡಿ ಅಳೀರಿ. ಮೇಲೆ 2.5 ಎಂಎಫ್‌ಡಿ (ಮೈಕ್ರೋಫ್ಯಾರಡ್) ಬರೆದಿದ್ದು ಮೀಟರಲ್ಲಿ 1.8 ಬಂದರೆ ಅದೇ ಕಳ್ಳ: ಫ್ಯಾನ್ ತಿರುಗ್ತಾ ಇರುತ್ತೆ, ಕಣ್ಣಿಗೆ ಗೊತ್ತಾಗಲ್ಲ, ಗಾಳಿ ಮಾತ್ರ ಕಮ್ಮಿ. ವೋಲ್ಟೇಜೂ ನೋಡಿ, ಮಳೆಗಾಲದ ರಾತ್ರಿ 180ಕ್ಕೆ ಇಳಿದರೆ ಈ ಮೋಟರುಗಳು ಸೋತುಬಿಡ್ತವೆ. ಹಿಮವನ್ನು ಸ್ಕ್ರೂಡ್ರೈವರಲ್ಲಿ ಕೆರೆಯಬೇಡಿ, ಫಿನ್ (ಕಾಯಿಲಿನ ತೆಳು ತಗಡು) ಮಡಚಿದರೆ ಮುಂದಿನ ಸಲ ಅಲ್ಲಿಂದಲೇ ಕಟ್ಟುತ್ತೆ.

ಗೇಜ್ ಹಾಕೋದಾದರೆ ಒಂದು ಎಚ್ಚರ. ಕೂಲಿಂಗಲ್ಲಿ ನಾವು ಸಕ್ಷನ್ (ಕಮ್ಮಿ ಒತ್ತಡ) ನೋಡೋ ಆ ದಪ್ಪ ಪೈಪಿನ ಪೋರ್ಟೇ ಹೀಟಲ್ಲಿ ಡಿಸ್ಚಾರ್ಜ್ (ಹೆಚ್ಚು ಒತ್ತಡ). ಆರ್-22 (ಹಳೇ ಗ್ಯಾಸ್) ಕಾಲದ ನೀಲಿ, ಕಮ್ಮಿ ಒತ್ತಡದ ಗೇಜ್ ಅಲ್ಲಿ ಹಾಕಿದರೆ ಮುಳ್ಳು ಕೊನೆಗೆ ಹೊಡೆದು ಗೇಜ್ ಹಾಳು, ಹೋಸ್ ಕಿತ್ತರೆ ಕೈಗೂ ಏಟು.

ವಿರಾಜಪೇಟೆ: ಕೆಪಾಸಿಟರೇ ಸರ್, 1.6 ಬಂತು. ಪೈಪ್ ಸೆನ್ಸರನ್ನೂ ಚೆಕ್ ಮಾಡಿಬಿಡ್ಲಾ?

ಉತ್ತರ: ಮಾಡಿ. ಲೋಟದಲ್ಲಿ ಐಸ್ ನೀರು ಕಲಕಿ ಸೆನ್ಸರ್ ತುದಿ ಎರಡು ನಿಮಿಷ ಮುಳುಗಿಸಿ. (25 ಡಿಗ್ರಿಯಲ್ಲಿ) 10 ಕಿಲೋಓಮಿನದ್ದಾದರೆ ಸುಮಾರು 32, 33 ಕಿಲೋಓಮ್ ತೋರಿಸಬೇಕು, 5ರದ್ದಾದರೆ ಅದರರ್ಧ. ಯಾವುದು ಅಂತ ಮೊದಲು ಸರ್ವಿಸ್ ಪುಸ್ತಕದಲ್ಲಿ ನೋಡ್ಕೊಳ್ಳಿ. ಅಂಗಡಿಯವರು ಎಲ್ಲಾ ಒಂದೇ ಅಂತ ಕೊಟ್ಟರೆ ತಗೋಬೇಡಿ. ಬಿಸಿಯಾದಷ್ಟೂ ಈ ಸೆನ್ಸರಿನ ಓಮ್ ಇಳಿಯುತ್ತೆ, ಹಾಗಾಗಿ 10ರ ಜಾಗಕ್ಕೆ 5 ಹಾಕಿದರೆ ಬೋರ್ಡು ತಣ್ಣನೆ ಕಾಯಿಲನ್ನೇ ಬಿಸಿ ಅಂತ ಓದಿಬಿಡುತ್ತೆ.